ನಾಯಕ, ಖಳ, ಆಂಟಿಹೀರೋ: ಸಹಪಾಠಿಗಳ ಸೆಮಿನಾರ್ ಕೇಳಿ ಅವಲೋಕನ ಬರೆಯುವ ಬಗೆ

ಸೆಮಿನಾರ್ ಮುಗಿಯಿತು, ಆರು ಮಂದಿ ಸಹಪಾಠಿಗಳು ಕಥೆಗಳ ನಾಯಕರ ಬಗ್ಗೆ, ಪ್ರತಿನಾಯಕರ ಬಗ್ಗೆ ಮಾತನಾಡಿದರು. ಈಗ ಅಧ್ಯಾಪಕರು ‘ಕೇಳಿದ್ದರ ಮೇಲೆ ಒಂದು ಅವಲೋಕನ ಬರೆದು ತನ್ನಿ’ ಎಂದಿದ್ದಾರೆ. ಹೆಚ್ಚಿನವರು ಬರೆದು ತರುವುದು ಹೀಗಿರುತ್ತದೆ: ‘ಮೊದಲನೆಯವರು ಕರ್ಣನ ಬಗ್ಗೆ ಚೆನ್ನಾಗಿ ಮಾತನಾಡಿದರು. ಎರಡನೆಯವರು ರಾವಣನ ಬಗ್ಗೆ ವಿವರವಾಗಿ ತಿಳಿಸಿದರು. ಇದರಿಂದ ನನಗೆ ಬಹಳಷ್ಟು ತಿಳಿಯಿತು.’ ಇದು ವರದಿ. ಆ ಕೊಠಡಿಯಲ್ಲಿ ಕೂತಿದ್ದ ಯಾರು ಬೇಕಾದರೂ ಇದನ್ನು ಬರೆಯಬಹುದು.

ಅವಲೋಕನದಲ್ಲಿ ಇರಬೇಕಾದದ್ದು ಮೂರು: ಈ ಮಾತು ಕೇಳುವ ಮೊದಲು ನಾನು ಆ ಪಾತ್ರವನ್ನು ಹೇಗೆ ಓದಿಕೊಂಡಿದ್ದೆ, ಸಹಪಾಠಿ ಯಾವ ಸನ್ನಿವೇಶ ತೋರಿಸಿ ಅದನ್ನು ಅಲುಗಿಸಿದರು, ಪಠ್ಯಕ್ಕೆ ಮರಳಿ ನೋಡಿದಾಗ ನನ್ನ ಓದು ಎಲ್ಲಿ ನಿಂತಿತು. ಮೂರನೆಯದನ್ನು ಬಿಟ್ಟರೆ ಬರಹ ಮೆಚ್ಚುಗೆಯ ಮಾತಾಗಿ ಮುಗಿಯುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಪಠ್ಯಕ್ಕೆ ಮರಳುವ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳಿ

ಈ ವಿಷಯದ ಸೆಮಿನಾರ್‌ಗಳಲ್ಲಿ ಅರ್ಧ ಜಗಳ ಹುಟ್ಟುವುದು ‘ಪ್ರತಿನಾಯಕ’ ಎಂಬ ಒಂದೇ ಪದದಿಂದ. ಕನ್ನಡದಲ್ಲಿ ಅದು ಎರಡು ಬೇರೆ ಬೇರೆ ಅರ್ಥಗಳನ್ನು ಹೊತ್ತುಕೊಂಡಿದೆ.

ಹಳೆಯ ಅರ್ಥ ಅಲಂಕಾರಶಾಸ್ತ್ರದ್ದು. ಹತ್ತನೆಯ ಶತಮಾನದ ಧನಂಜಯನ ‘ದಶರೂಪಕ’ದಲ್ಲಿ ನಾಯಕರು ನಾಲ್ಕು ಬಗೆ: ಧೀರೋದಾತ್ತ (ಗಂಭೀರ, ಉದಾರ), ಧೀರಲಲಿತ (ನಿಶ್ಚಿಂತ, ಕಲಾಪ್ರಿಯ), ಧೀರಶಾಂತ (ಶಾಂತ ಸ್ವಭಾವದವನು), ಧೀರೋದ್ಧತ (ಗರ್ವಿಷ್ಠ). ನಾಯಕನಿಗೆ ಎದುರಾಗಿ ನಿಲ್ಲುವವನು ಪ್ರತಿನಾಯಕ. ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂಬುವು ಅವನ ಲಕ್ಷಣಗಳು. ರಾಮನಿಗೆ ರಾವಣ, ಯುಧಿಷ್ಠಿರನಿಗೆ ದುರ್ಯೋಧನ ಎಂದು ಉದಾಹರಣೆ ಕೊಡುವುದು ಆ ಗ್ರಂಥಕ್ಕೆ ಧನಿಕ ಬರೆದ ವ್ಯಾಖ್ಯಾನ. ಆ ವ್ಯಾಖ್ಯಾನದ ಹೆಸರು ‘ಅವಲೋಕ’ ಎಂಬುದನ್ನು ಅವಲೋಕನ ಬರೆಯಲು ಕೂತವರು ನೆನಪಿಟ್ಟುಕೊಳ್ಳಬಹುದು. ಇನ್ನೊಬ್ಬರು ಹೇಳಿದ್ದನ್ನು ಹತ್ತಿರದಿಂದ ನೋಡಿ, ಅಲ್ಲಿಲ್ಲದ ಉದಾಹರಣೆಯನ್ನು ತಾನು ತಂದು ಸೇರಿಸುವುದು ನಮ್ಮಲ್ಲಿ ಹಳೆಯ ವಿದ್ಯೆಯೇ.

ಹೊಸ ಅರ್ಥ ಆಧುನಿಕ ಕಾದಂಬರಿಯ ಜೊತೆ ಬಂದದ್ದು, ಆಂಟಿಹೀರೋ ಎಂಬುದರ ಅನುವಾದವಾಗಿ. ರಷ್ಯನ್ ಲೇಖಕ ದಾಸ್ತಯೇವ್‌ಸ್ಕಿಯ 1864ರ ಒಂದು ಕಿರುಕಾದಂಬರಿಯ ಕೊನೆಯಲ್ಲಿ ನಿರೂಪಕನೇ ತನ್ನ ಬಗ್ಗೆ ಈ ಪದ ಬಳಸುತ್ತಾನೆ. ಆಂಟಿಹೀರೋ ನಾಯಕನ ಎದುರಾಳಿಯಲ್ಲ. ನಾಯಕನ ಜಾಗದಲ್ಲೇ ಕೂತಿದ್ದು, ನಾಯಕನಿಗೆ ಇರಬೇಕೆಂದು ನಾವು ಬಯಸುವ ಧೈರ್ಯ, ಆದರ್ಶ, ನೇರ ನಡೆ ಇಲ್ಲದವನು. ಕಥೆ ಅವನದೇ, ನಾವು ಲೋಕವನ್ನು ನೋಡುವುದೂ ಅವನ ಕಣ್ಣಿನಿಂದಲೇ.

ಈ ಎರಡರ ನಡುವೆ ಇನ್ನೂ ಇಬ್ಬರಿದ್ದಾರೆ. ಒಬ್ಬ ಖಳ: ಕೇಡು ಮಾಡುವುದೇ ಅವನ ಕೆಲಸ, ಅವನ ಒಳಮನಸ್ಸಿಗೆ ಕಥೆ ಹೆಚ್ಚು ಹೊತ್ತು ಇಳಿಯುವುದಿಲ್ಲ. ಇನ್ನೊಬ್ಬ ದುರಂತ ನಾಯಕ: ದೊಡ್ಡ ಗುಣಗಳಿರುವವನು, ಯಾವುದೋ ಒಂದು ದೋಷದಿಂದಲೋ ಹಟದಿಂದಲೋ ಬೀಳುವವನು.

ಸೆಮಿನಾರ್‌ಗೆ ಹೋಗುವ ಮೊದಲು ಈ ನಾಲ್ಕನ್ನೂ ನಿಮ್ಮದೇ ಮಾತಿನಲ್ಲಿ ಒಂದೊಂದು ಸಾಲು ಬರೆದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಟ್ಟುಕೊಳ್ಳಿ. ಯಾವ ಪಾತ್ರ ಬಂದರೂ ಈ ಮೂರು ಪ್ರಶ್ನೆ ಹಾಕಿ:

1. ಕಥೆ ಯಾರ ಬೆನ್ನ ಹಿಂದೆ ನಡೆಯುತ್ತಿದೆ? ಯಾರಿಗೆ ಏನು ಗೊತ್ತೋ ಅಷ್ಟೇ ನಮಗೂ ಗೊತ್ತಾಗುತ್ತಿದೆ?
2. ಆ ಪಾತ್ರಕ್ಕೆ ಅದರ ಲೋಕ ಮೆಚ್ಚುವ ಗುಣಗಳಿವೆಯೇ, ಅಥವಾ ಅವೇ ಇಲ್ಲವೇ?
3. ಆ ಪಾತ್ರ ಬಿದ್ದಾಗ ಕೃತಿ ನಮ್ಮಿಂದ ಏನನ್ನು ಕೇಳುತ್ತದೆ: ಸಮಾಧಾನ, ಮರುಕ, ಮುಜುಗರ?

ಸಮಾಧಾನವಾದರೆ ಬಿದ್ದವನು ಬಹುಶಃ ಖಳ. ಮರುಕದ ಜೊತೆ ಗೌರವವೂ ಬಂದರೆ ದುರಂತ ನಾಯಕ. ‘ಇವನಲ್ಲಿ ನಾನೂ ಸ್ವಲ್ಪ ಇದ್ದೇನೆ’ ಎಂಬ ಮುಜುಗರವಾದರೆ ಆಂಟಿಹೀರೋ. ಇದು ಅಳತೆಗೋಲು ಮಾತ್ರ. ಒಳ್ಳೆಯ ಕೃತಿಗಳಲ್ಲಿ ಇದು ಎಲ್ಲೋ ಒಂದು ಕಡೆ ಕೈಕೊಡುತ್ತದೆ, ಕೈಕೊಟ್ಟ ಜಾಗವೇ ನಿಮ್ಮ ಅವಲೋಕನಕ್ಕೆ ಒಳ್ಳೆಯ ವಸ್ತು.

ಹಿಂದಿನ ದಿನ ಇಪ್ಪತ್ತು ನಿಮಿಷ

ಯಾರು ಯಾವ ಕೃತಿಯ ಬಗ್ಗೆ ಮಾತನಾಡುತ್ತಾರೆಂಬ ಪಟ್ಟಿ ಸಿಕ್ಕರೆ ಪ್ರತಿ ಪಾತ್ರದ ಮುಂದೆ ಈಗಿನ ನಿಮ್ಮ ಅಭಿಪ್ರಾಯವನ್ನು ಒಂದು ವಾಕ್ಯದಲ್ಲಿ ಬರೆದು ದಿನಾಂಕ ಹಾಕಿ. ‘ದುರ್ಯೋಧನ: ಹೊಟ್ಟೆಕಿಚ್ಚಿನವನು, ಸೋತದ್ದು ಸರಿ’ ಎಂಬಷ್ಟು ಒರಟಾಗಿದ್ದರೂ ಪರವಾಗಿಲ್ಲ. ಓದಿಲ್ಲದ ಕೃತಿಯಾದರೆ ‘ಓದಿಲ್ಲ, ಸಿನಿಮಾ ನೋಡಿ ಗೊತ್ತು’ ಎಂದು ಪ್ರಾಮಾಣಿಕವಾಗಿ ಬರೆಯಿರಿ.

ಈ ಪುಟ ಬೇಕಾಗುವುದಕ್ಕೆ ಕಾರಣವಿದೆ. ಒಳ್ಳೆಯ ಮಾತೊಂದನ್ನು ಕೇಳಿದ ಮೇಲೆ ನಮಗೆ ಮೊದಲಿನಿಂದಲೂ ಹಾಗೇ ಅನ್ನಿಸುತ್ತಿತ್ತು ಎಂದು ಮನಸ್ಸು ಹೇಳಿಬಿಡುತ್ತದೆ. ಹಳೆಯ ಅಭಿಪ್ರಾಯ ಕಾಗದದ ಮೇಲೆ ಇಲ್ಲದಿದ್ದರೆ ಬದಲಾವಣೆಯನ್ನು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಕೇಳುವಾಗ: ಮೂರು ಅಂಕಣ

ಪ್ರತಿ ಮಂಡನೆಗೂ ಒಂದು ಪುಟ. ಪುಟವನ್ನು ಉದ್ದಕ್ಕೆ ಮೂರು ಭಾಗ ಮಾಡಿ, ‘ಮಾತು’, ‘ಸಾಕ್ಷಿ’, ‘ನಾನು’ ಎಂದು ತಲೆಬರಹ ಕೊಡಿ. ಮಾತಿನ ಅಂಕಣದಲ್ಲಿ ಸಹಪಾಠಿಯ ವಾದ, ಸಾಕ್ಷಿಯ ಅಂಕಣದಲ್ಲಿ ಅವರು ತೋರಿಸಿದ ಸನ್ನಿವೇಶ ಅಥವಾ ಪದ್ಯ, ನಾನು ಎಂಬಲ್ಲಿ ಆ ಕ್ಷಣ ನಿಮಗೆ ಹೊಳೆದದ್ದು.

ಹತ್ತು ನಿಮಿಷದ ಮಾತಿಗೆ ಹತ್ತು–ಹನ್ನೆರಡು ಸಾಲು ಸಾಕು. ಎಲ್ಲವನ್ನೂ ಬರೆದುಕೊಳ್ಳಲು ಹೊರಟರೆ ಕಿವಿ ಮುಚ್ಚಿ ಕೈ ಮಾತ್ರ ಓಡುತ್ತಿರುತ್ತದೆ. ಆದರೆ ಎರಡು ವಾಕ್ಯಗಳನ್ನು ಮಾತ್ರ ಅವರು ಹೇಳಿದ ಹಾಗೆಯೇ, ಉದ್ಧರಣ ಚಿಹ್ನೆ ಹಾಕಿ ಬರೆದುಕೊಳ್ಳಿ. ಒಂದು, ಅವರು ‘ನಾಯಕ’ ಎಂದರೆ ಏನೆಂದು ಹೇಳಿದ ವಾಕ್ಯ. ಅದು ಸಾಮಾನ್ಯವಾಗಿ ಮೊದಲ ಎರಡು ನಿಮಿಷದಲ್ಲಿ ಬಂದು ಹೋಗುತ್ತದೆ. ಎರಡು, ‘ಆದರೆ’ ಎಂಬುದರಿಂದ ಶುರುವಾಗುವ ವಾಕ್ಯ. ಮಂಡನೆಯ ತಿರುವು ಅಲ್ಲೇ ಇರುತ್ತದೆ.

ಪಂಪನ ಮತ್ತು ರನ್ನನ ದುರ್ಯೋಧನನ ಬಗ್ಗೆ ಸಹಪಾಠಿಯೊಬ್ಬರು ಮಾತನಾಡಿದರೆನ್ನಿ. ಪುಟ ಹೀಗೆ ಕಾಣಬೇಕು:

ಮಾತು: ‘ಹೆಸರಿಗೆ ಭೀಮ ನಾಯಕ, ಆದರೆ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ.’
ಸಾಕ್ಷಿ: ರಣರಂಗದಲ್ಲಿ ಸಂಜಯನ ಜೊತೆ ನಡಿಗೆ, ಅಭಿಮನ್ಯುವಿನ ಶವದ ಮುಂದಿನ ಮಾತು.
ನಾನು: ಉಳಿಯುವುದು ಬೇರೆ, ನಾಯಕನಾಗುವುದು ಬೇರೆ ಅಲ್ಲವೇ? ಭೀಮನಿಗೆ ಎಷ್ಟು ಪದ್ಯ ಇವೆ?

ಮೂರನೆಯ ಅಂಕಣದ ಪ್ರಶ್ನೆ ನೋಡಿ. ಅದು ಆಕ್ಷೇಪಣೆಯೂ ಅಲ್ಲ, ಹೊಗಳಿಕೆಯೂ ಅಲ್ಲ. ಪುಸ್ತಕ ತೆರೆದರೆ ಉತ್ತರ ಸಿಗುವಂಥ ಪ್ರಶ್ನೆ. ಪ್ರತಿ ಪುಟಕ್ಕೆ ಅಂಥದ್ದೊಂದು ಪ್ರಶ್ನೆ ಸಿಕ್ಕರೆ ನಿಮ್ಮ ಕೆಲಸ ಅರ್ಧ ಆದಂತೆ.

ಸ್ಲೈಡುಗಳ ಫೋಟೊ ತೆಗೆದುಕೊಂಡು ‘ಆಮೇಲೆ ನೋಡಿದರಾಯಿತು’ ಎಂದುಕೊಳ್ಳಬೇಡಿ. ಸ್ಲೈಡಿನಲ್ಲಿ ಮಾತಿನ ಅಂಕಣವಷ್ಟೇ ಇರುತ್ತದೆ, ನಿಮ್ಮ ಅಂಕಣ ಖಾಲಿ ಬಿದ್ದಿರುತ್ತದೆ.

ಪ್ರಶ್ನೆ ಕೇಳುವುದು

ಮಂಡನೆಯ ಕೊನೆಯಲ್ಲಿ ಐದು ನಿಮಿಷ ಪ್ರಶ್ನೆಗೆ ಬಿಟ್ಟರೆ ಅದನ್ನು ಕಳೆದುಕೊಳ್ಳಬೇಡಿ. ಸಹಪಾಠಿ ಆಯ್ದ ಸನ್ನಿವೇಶದ ಪಕ್ಕದ ಸನ್ನಿವೇಶವನ್ನು ಹಿಡಿದು ಕೇಳಿ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದ ಬಗ್ಗೆ ಮಾತನಾಡಿದವರು ಸುಲ್ತಾನನನ್ನು ಆಂಟಿಹೀರೋ ಎಂದರೆ ‘ಹಾಗಾದರೆ ಅಗಸ ಅಜೀಜ್ ಯಾರು?’ ಎಂದು ಕೇಳಬಹುದು. ವೇಷ ಬದಲಿಸಿ ಬದಲಿಸಿ ಸುಲ್ತಾನನ ಪ್ರತಿಯೊಂದು ಆದರ್ಶದಿಂದಲೂ ಲಾಭ ಮಾಡಿಕೊಳ್ಳುವ ಅಜೀಜ್, ಕೊನೆಗೆ ಸಿಕ್ಕಿಬಿದ್ದಾಗ ಸುಲ್ತಾನ ಅವನನ್ನು ಕೊಲ್ಲದೆ ಹುದ್ದೆ ಕೊಡುತ್ತಾನೆ. ಈ ಒಂದು ಪ್ರಶ್ನೆಯಿಂದ ಮಂಡಿಸಿದವರೂ ಯೋಚಿಸುತ್ತಾರೆ, ನಿಮಗೂ ಬರೆಯಲು ಒಂದು ದಾರಿ ತೆರೆಯುತ್ತದೆ.

‘ನಿಮಗೆ ಈ ಪಾತ್ರ ಇಷ್ಟವೇ?’, ‘ಇದರಿಂದ ಇಂದಿನ ಸಮಾಜಕ್ಕೆ ಏನು ಸಂದೇಶ?’ ಎಂಬ ಪ್ರಶ್ನೆಗಳಿಂದ ಏನೂ ಹುಟ್ಟುವುದಿಲ್ಲ. ಎದ್ದು ನಿಂತು ಕೇಳಲು ಹಿಂಜರಿಕೆಯಾದರೆ ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ ಕೇಳಿ. ಅವರ ಉತ್ತರವನ್ನು ಅದೇ ಪುಟದ ಕೆಳಗೆ ಬರೆದುಕೊಳ್ಳಿ.

ಅದೇ ದಿನ ರಾತ್ರಿ

ಪುಟಗಳನ್ನೆಲ್ಲ ಮುಚ್ಚಿಟ್ಟು, ನೆನಪಿನಿಂದಲೇ ಹತ್ತು ನಿಮಿಷ ಬರೆಯಿರಿ. ಇಡೀ ದಿನದಲ್ಲಿ ತಲೆಯಲ್ಲಿ ಉಳಿದದ್ದು ಯಾವುದು? ಯಾವ ಮಾತಿಗೆ ಒಳಗೊಳಗೇ ‘ಇಲ್ಲ, ಹಾಗಲ್ಲ’ ಎಂದುಕೊಂಡಿರಿ? ಆಮೇಲೆ ಪುಟಗಳನ್ನು ತೆರೆದು ಹೋಲಿಸಿ. ನೆನಪಿನಲ್ಲೂ ಇದ್ದು ಪುಟದಲ್ಲೂ ಪ್ರಶ್ನೆ ಹುಟ್ಟಿಸಿದ ಮಂಡನೆಗಳನ್ನು ಗುರುತು ಮಾಡಿ. ಎರಡು ದಿನ ಬಿಟ್ಟು ಕೂತರೆ ಈ ಬಿಸಿ ಆರಿಹೋಗಿ, ಎಲ್ಲ ಮಂಡನೆಗಳೂ ಒಂದೇ ಥರ ಕಾಣಿಸತೊಡಗುತ್ತವೆ.

ಪಠ್ಯಕ್ಕೆ ಮರಳುವುದು

ಸಹಪಾಠಿ ತೋರಿಸಿದ ಸನ್ನಿವೇಶವನ್ನು, ಅದರ ಹಿಂದಿನದನ್ನು, ಮುಂದಿನದನ್ನು ನೀವೇ ಓದಬೇಕು. ಇಡೀ ಕೃತಿ ಓದಲು ಸಮಯವಿಲ್ಲದಿದ್ದರೂ ಇಷ್ಟನ್ನು ಬಿಡುವ ಹಾಗಿಲ್ಲ. ದುರ್ಯೋಧನನ ಉದಾಹರಣೆಯನ್ನೇ ಪೂರ್ತಿ ಮಾಡಿ ನೋಡೋಣ.

ರನ್ನನ ‘ಗದಾಯುದ್ಧ’ ಹತ್ತನೆಯ ಶತಮಾನದ ಕೊನೆಯ ಭಾಗದ್ದು, ಹತ್ತು ಆಶ್ವಾಸಗಳ ಕಾವ್ಯ. ಅದರ ಇನ್ನೊಂದು ಹೆಸರು ‘ಸಾಹಸಭೀಮವಿಜಯ’. ಕವಿ ತನ್ನ ಆಶ್ರಯದಾತ, ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನ ಜೊತೆ ಸಮೀಕರಿಸಿದ್ದಾನೆ. ಅಂದರೆ ನಾಯಕ ಯಾರೆಂಬುದು ಕವಿಗೆ ಮೊದಲೇ ನಿಶ್ಚಿತವಾಗಿತ್ತು, ಹೆಸರಿನಲ್ಲೇ ಬರೆದೂ ಇಟ್ಟ. ಅಲಂಕಾರಶಾಸ್ತ್ರದ ಲೆಕ್ಕದಲ್ಲಿ ದುರ್ಯೋಧನ ಪ್ರತಿನಾಯಕ.

ಈಗ ಮೊದಲ ಪ್ರಶ್ನೆ ಹಾಕಿ: ಕಥೆ ಯಾರ ಬೆನ್ನ ಹಿಂದೆ ನಡೆಯುತ್ತದೆ? ಸಂಜಯನ ಜೊತೆ ದುರ್ಯೋಧನ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದಾನೆ. ದ್ರೋಣನನ್ನು ಕಾಣುತ್ತಾನೆ, ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಕಾಣುತ್ತಾನೆ. ಶರಶಯ್ಯೆಯಲ್ಲಿರುವ ಭೀಷ್ಮನ ಬಳಿಗೆ ಹೋಗುತ್ತಾನೆ. ನಾವು ನೋಡುವುದೆಲ್ಲ ಅವನು ನೋಡಿದ್ದು. ಭೀಮ ಆ ಹೊತ್ತು ನಮ್ಮ ಕಣ್ಣೆದುರು ಇಲ್ಲ.

ಎರಡನೆಯ ಪ್ರಶ್ನೆಗೆ ಅಭಿಮನ್ಯುವಿನ ಸನ್ನಿವೇಶ ಹತ್ತಿರದಿಂದ ನೋಡಬೇಕು. ಎದುರಿಗೆ ಬಿದ್ದಿರುವುದು ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ದುರ್ಯೋಧನ ಅವನ ಪರಾಕ್ರಮವನ್ನು ಹೊಗಳಿ, ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನಮಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಲೋಭಿ, ಪಾಪಿ ಎಂಬ ಲಕ್ಷಣಪಟ್ಟಿಯಲ್ಲಿ ಈ ಬೇಡಿಕೆಗೆ ಜಾಗವಿಲ್ಲ. ಹಾಗೆಯೇ ಇನ್ನೊಂದು ಕಡೆ, ವೈಶಂಪಾಯನ ಸರೋವರದೊಳಗೆ ಅವಿತಿದ್ದವನು ಭೀಮನ ಗರ್ಜನೆ ಕೇಳಿ ನೀರಿನೊಳಗಿದ್ದೂ ಬೆವರುತ್ತಾನೆ. ಆ ಬೆವರು ಭಯದ್ದೋ ಕೋಪದ್ದೋ ಎಂದು ಓದುಗರು ಇಂದಿಗೂ ವಾದಿಸುತ್ತಾರೆ. ಕೋಪದ್ದು ಎಂದು ಓದಿದರೆ ಅವನು ನೀರಿನಿಂದ ಎದ್ದು ಬರುವುದೇ ವೀರನ ನಡೆಯಾಗುತ್ತದೆ.

ಮೂರನೆಯ ಪ್ರಶ್ನೆ: ಭೀಮ ತೊಡೆ ಮುರಿದು ಕಿರೀಟವನ್ನು ಒದ್ದಾಗ ನಮಗೇನಾಗುತ್ತದೆ? ಗೆದ್ದವನ ಮೇಲಿನ ಮೆಚ್ಚುಗೆ ಅಲ್ಲಿ ಸ್ವಲ್ಪ ಕುಗ್ಗುತ್ತದೆ, ಬಿದ್ದವನ ಮೇಲೆ ಗೌರವ ಉಳಿಯುತ್ತದೆ. ಹಾಗಿದ್ದರೆ ಅವನು ಆಂಟಿಹೀರೋ ಅಲ್ಲ, ಅವನಲ್ಲಿ ವೀರಗುಣದ ಕೊರತೆಯೇ ಇಲ್ಲ. ಅವನನ್ನು ದುರಂತ ನಾಯಕ ಎಂದು ಓದುವ ಕನ್ನಡದ ವಿಮರ್ಶಕರು ಹಿಡಿದದ್ದು ಈ ಎಳೆಯನ್ನೇ. ಬಿ.ಎಂ.ಶ್ರೀ. ಈ ಕಾವ್ಯವನ್ನು ನಾಟಕ ಮಾಡಿದಾಗ ಕೂಡ ಗ್ರೀಕ್ ದುರಂತ ನಾಟಕದ ಚೌಕಟ್ಟನ್ನೇ ಬಳಸಿಕೊಂಡರು. ಪಂಪ ತನ್ನ ಭಾರತದ ಕೊನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುಣ ಹಂಚುವಾಗ ದುರ್ಯೋಧನನಿಗೆ ಕೊಟ್ಟದ್ದು ‘ಛಲ’. ಅದೊಂದೇ ಪದ ಅವನ ದೊಡ್ಡತನವನ್ನೂ ಅವನ ಬೀಳುವಿಕೆಯನ್ನೂ ಒಟ್ಟಿಗೆ ಹೇಳುತ್ತದೆ.

ಇಷ್ಟು ಓದಿದ ಮೇಲೆ ಸಹಪಾಠಿಯ ವಾಕ್ಯಕ್ಕೆ ಮರಳಿ. ‘ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ’ ಎಂಬುದು ಸರಿ. ಆದರೆ ಅವನಿಗೆ ಅವರು ‘ಪ್ರತಿನಾಯಕ’ ಎಂಬ ಹೆಸರು ಕೊಟ್ಟಿದ್ದರೆ, ಅದು ಹಳೆಯ ಅರ್ಥದಲ್ಲೂ ಸಾಲದು, ಆಂಟಿಹೀರೋ ಎಂಬ ಹೊಸ ಅರ್ಥದಲ್ಲೂ ಹೊಂದದು. ನಿಮ್ಮ ಅವಲೋಕನದ ತಿರುಳು ಸಿಕ್ಕಿತು. ಅದು ಸಿಕ್ಕಿದ್ದು ಸಹಪಾಠಿಯಿಂದಾಗಿಯೇ. ಅವರು ಆ ಸನ್ನಿವೇಶ ತೋರಿಸದಿದ್ದರೆ ನೀವು ‘ಸೋತದ್ದು ಸರಿ’ ಎಂಬಲ್ಲೇ ನಿಂತಿರುತ್ತಿದ್ದಿರಿ.

ಆರರಲ್ಲಿ ಎರಡನ್ನು ಆರಿಸುವುದು

ಆರು ಮಂಡನೆಗಳ ಬಗ್ಗೆಯೂ ಬರೆಯಲು ಹೋದರೆ ಒಂದೊಂದಕ್ಕೆ ನೂರು ಪದ ಸಿಗುತ್ತದೆ, ನೂರು ಪದದಲ್ಲಿ ಮೆಚ್ಚಬಹುದು, ಯೋಚಿಸಲಾಗದು. ಎರಡನ್ನು ಆರಿಸಿ. ಮೂರನೆಯದನ್ನು ಒಂದೆರಡು ವಾಕ್ಯದಲ್ಲಿ ತಂದುಕೊಳ್ಳಬಹುದು.

ಒಂದಕ್ಕೊಂದು ತಾಗುವ ಎರಡು ಬೇಕು. ದುರ್ಯೋಧನನ ಪಕ್ಕಕ್ಕೆ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯರು ಬಂದರೆ ಒಳ್ಳೆಯ ಜೋಡಿ. ದುರ್ಯೋಧನನದು ಕೊನೆಯವರೆಗೂ ಅಲುಗದ ನಿಲುವು. ಆಚಾರ್ಯರಾದರೋ ದೂರ್ವಾಸಪುರದ ಅಗ್ರಹಾರಕ್ಕೆ ಆದರ್ಶಪುರುಷ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರ ಸಿಗದೆ, ಚಂದ್ರಿಯ ಜೊತೆಗಿನ ಒಂದು ರಾತ್ರಿಯ ಮೇಲೆ ತಾನು ಯಾರೆಂಬುದೇ ತಿಳಿಯದೆ ಅಲೆಯುತ್ತಾರೆ. ಕಾದಂಬರಿ ಅವರನ್ನು ನಾಯಕನಾಗಿ ಶುರುಮಾಡಿ, ಆ ಪಟ್ಟ ಅವರ ಕೈಯಿಂದಲೇ ಜಾರುವುದನ್ನು ತೋರಿಸುತ್ತದೆ. ಒಂದು ಕೃತಿ ಎದುರಾಳಿಯನ್ನು ಎತ್ತುತ್ತದೆ, ಇನ್ನೊಂದು ನಾಯಕನನ್ನು ಇಳಿಸುತ್ತದೆ. ಈ ಎರಡು ಚಲನೆಗಳನ್ನು ಅಕ್ಕಪಕ್ಕ ಇಟ್ಟರೆ ಇಬ್ಬರು ಸಹಪಾಠಿಗಳೂ ಹೇಳದೇ ಇದ್ದ ಒಂದು ಮಾತು ನಿಮ್ಮದಾಗಿ ಹುಟ್ಟುತ್ತದೆ.

ಗೆಳೆಯರೆಂಬ ಕಾರಣಕ್ಕೆ ಅವರ ಮಂಡನೆಯನ್ನು ಆರಿಸಬೇಡಿ. ಹಾಗೆಯೇ ಚೆನ್ನಾಗಿ ಮಾತನಾಡಿದರೆಂಬ ಕಾರಣಕ್ಕೂ ಬೇಡ. ತಡವರಿಸುತ್ತ, ಕಾಗದ ನೋಡಿಕೊಂಡು ಓದಿದವರ ಬಳಿ ಅತ್ಯಂತ ಒಳ್ಳೆಯ ಒಂದು ಸನ್ನಿವೇಶ ಇರಬಹುದು.

ಬರೆಯುವುದು: 600 ಪದದ ಲೆಕ್ಕ

ಆಂತರಿಕ ಮೌಲ್ಯಮಾಪನಕ್ಕೆ ಎರಡು ಪುಟದಷ್ಟು ಕೇಳಿದ್ದರೆ ಸುಮಾರು 600 ಪದ ಎಂದುಕೊಳ್ಳಿ. ಮೊದಲ 80 ಪದಗಳಲ್ಲಿ ನಿಮ್ಮ ಹಳೆಯ ಓದು ಬರಲಿ, ಹಿಂದಿನ ದಿನ ಬರೆದಿಟ್ಟ ವಾಕ್ಯದಿಂದಲೇ ಶುರುಮಾಡಬಹುದು. ಮುಂದಿನ 120ರಲ್ಲಿ ಮೊದಲ ಸಹಪಾಠಿಯ ವಾದ ಮತ್ತು ಅವರು ತೋರಿಸಿದ ಸಾಕ್ಷಿ. ಆಮೇಲೆ 200 ಪದ ಪಠ್ಯಕ್ಕೆ ಮರಳಿ ನೀವು ಕಂಡದ್ದಕ್ಕೆ. ಎರಡನೆಯ ಮಂಡನೆ ಇದನ್ನು ಹೇಗೆ ತಿರುಗಿಸಿತೆಂಬುದಕ್ಕೆ 150. ಉಳಿದ 50ರಲ್ಲಿ ಇನ್ನೂ ಬಗೆಹರಿಯದ ಒಂದು ಪ್ರಶ್ನೆ. ಬಗೆಹರಿದಂತೆ ನಟಿಸುವುದಕ್ಕಿಂತ ಅದನ್ನು ತೆರೆದೇ ಬಿಡುವುದು ಮೇಲು.

ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ:

‘ಸಹಪಾಠಿಯು ದುರ್ಯೋಧನನ ಪಾತ್ರವನ್ನು ಬಹಳ ಅದ್ಭುತವಾಗಿ ವಿಶ್ಲೇಷಿಸಿದರು. ದುರ್ಯೋಧನನಲ್ಲಿಯೂ ಒಳ್ಳೆಯ ಗುಣಗಳಿವೆ ಎಂದು ನನಗೆ ಅರ್ಥವಾಯಿತು. ಪ್ರತಿಯೊಬ್ಬ ಮನುಷ್ಯನಲ್ಲೂ ಒಳಿತು ಕೆಡುಕು ಎರಡೂ ಇರುತ್ತವೆ.’

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಬರವಣಿಗೆ ಇದು. ಯಾವ ಗುಣ, ಎಲ್ಲಿ ಕಂಡಿತು, ಯಾರು ತೋರಿಸಿದರು ಎಂಬ ಒಂದೂ ಇಲ್ಲ. ಕೊನೆಯ ವಾಕ್ಯ ಯಾವ ಪಾತ್ರಕ್ಕಾದರೂ ಅಂಟಿಕೊಳ್ಳುತ್ತದೆ. ಅದನ್ನೇ ತಿದ್ದಿ ಬರೆದರೆ:

‘ದುರ್ಯೋಧನ ಸೋತದ್ದು ಸರಿ ಎಂದೇ ನಾನು ತಿಳಿದಿದ್ದೆ. ಅಭಿಮನ್ಯುವಿನ ಶವದ ಮುಂದೆ ಅವನು ಅಂಥದೇ ಸಾವನ್ನು ಬೇಡಿಕೊಳ್ಳುವ ಪದ್ಯವನ್ನು ಸಹಪಾಠಿ ಓದಿದಾಗ ಆ ತಿಳಿವಳಿಕೆ ಅಲುಗಿತು. ಮನೆಗೆ ಬಂದು ಆ ಭಾಗ ಓದಿದೆ. ಅವನು ಅಲ್ಲಿ ಅಳುವುದು ತನ್ನವರಿಗಾಗಿ ಮಾತ್ರವಲ್ಲ, ತಾನು ಕೊಲ್ಲಿಸಿದ ಹುಡುಗನ ಎದುರಲ್ಲೂ ಬಾಗುತ್ತಾನೆ. ಸಹಪಾಠಿ ಇದನ್ನು ಆಂಟಿಹೀರೋನ ಗುಣ ಎಂದರು. ನನಗೆ ಹಾಗೆನ್ನಿಸಲಿಲ್ಲ. ಶತ್ರುವಿನ ಶೌರ್ಯಕ್ಕೆ ತಲೆಬಾಗುವುದು ವೀರನ ಲಕ್ಷಣವೇ. ಹಾಗಾದರೆ ಕವಿ ನಾಯಕನ ಒಂದು ಗುಣವನ್ನು ನಾಯಕನಲ್ಲದವನ ಕೈಗೆ ಏಕೆ ಕೊಟ್ಟ?’

ಎರಡನೆಯದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಸಹಪಾಠಿಗೆ ಸಿಕ್ಕ ಗೌರವ ಇದರಲ್ಲೇ ಹೆಚ್ಚು, ಏಕೆಂದರೆ ಅವರ ಮಾತನ್ನು ಒಬ್ಬರು ಮನೆಯವರೆಗೂ ಒಯ್ದಿದ್ದಾರೆ.

‘ಅನ್ನಿಸಿತು’, ‘ಅರ್ಥವಾಯಿತು’, ‘ಮನವರಿಕೆಯಾಯಿತು’ ಎಂಬ ಕ್ರಿಯಾಪದ ಬಂದಲ್ಲೆಲ್ಲ ‘ಯಾವುದರಿಂದ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅದೇ ವಾಕ್ಯದಲ್ಲೋ ಮುಂದಿನದರಲ್ಲೋ ಉತ್ತರವಿರಬೇಕು.

ಎಲ್ಲಿ ಎಡವುತ್ತಾರೆ

ಮರುಕವನ್ನು ಸಮರ್ಥನೆ ಎಂದು ತಿಳಿಯುವುದು ದೊಡ್ಡ ತಪ್ಪು. ದುರ್ಯೋಧನನ ದುಃಖ ನಮ್ಮನ್ನು ಕಲಕುತ್ತದೆ ಎಂದರೆ ದ್ರೌಪದಿಯನ್ನು ಸಭೆಗೆ ಎಳೆತಂದದ್ದು ಸರಿ ಎಂದಾಗುವುದಿಲ್ಲ. ಬರಹದಲ್ಲಿ ಎರಡನ್ನೂ ಒಟ್ಟಿಗೆ ಹಿಡಿದಿಡಿ. ಒಂದನ್ನು ಬಿಟ್ಟರೆ ಹಳೆಯ ಖಳನ ಜಾಗಕ್ಕೆ ಹೊಸ ಖಳನನ್ನು ಕೂರಿಸಿದಂತಾಗುತ್ತದೆ. ದುರ್ಯೋಧನನನ್ನು ಎತ್ತುವ ಭರದಲ್ಲಿ ಭೀಮನನ್ನು ಕಟುಕನನ್ನಾಗಿ ಮಾಡುವ ಬರಹಗಳು ಬೇಕಾದಷ್ಟಿವೆ. ಭೀಮನಿಗೆ ಪ್ರತಿಜ್ಞೆಯಿತ್ತು, ಅದಕ್ಕೆ ಕಾರಣವೂ ಇತ್ತು.

‘ಗ್ರೇ ಶೇಡ್’ ಎಂಬ ಸಿನಿಮಾ ಮಾತು ಇನ್ನೊಂದು ಹಳ್ಳ. ಒಂದು ಪಾತ್ರ ಒಳ್ಳೆಯದೂ ಹೌದು ಕೆಟ್ಟದ್ದೂ ಹೌದು ಎಂದುಬಿಟ್ಟರೆ ಯೋಚನೆ ಅಲ್ಲೇ ನಿಲ್ಲುತ್ತದೆ. ಯಾವ ಹೊತ್ತಿನಲ್ಲಿ ಯಾವ ಗುಣ ಮೇಲೆ ಬಂತು, ಏಕೆ ಬಂತು ಎಂದು ಹೇಳಿದರೆ ಆ ಮಾತಿನ ಅಗತ್ಯವೇ ಬೀಳುವುದಿಲ್ಲ. ಸಿನಿಮಾದ ಅಪರಾಧಿ ನಾಯಕರ ಬಗ್ಗೆ ಮಂಡನೆ ಬಂದಾಗ ಮೂರನೆಯ ಪ್ರಶ್ನೆ ಬಹಳ ಉಪಯೋಗಕ್ಕೆ ಬರುತ್ತದೆ. ಕಾನೂನು ಮುರಿದವನಾದರೂ ಹಿನ್ನೆಲೆ ಸಂಗೀತ, ಕ್ಯಾಮೆರಾ ಕೋನ, ಊರವರ ಜೈಕಾರ ಎಲ್ಲವೂ ಅವನನ್ನು ಎತ್ತಿಹಿಡಿದರೆ ಚಿತ್ರ ಅವನನ್ನು ಹಳೆಯ ನಾಯಕನ ಪೀಠದ ಮೇಲೇ ಕೂರಿಸಿದೆ. ಬದಲಾದದ್ದು ಅವನ ಉದ್ಯೋಗ ಮಾತ್ರ.

ಹೆಣ್ಣು ಪಾತ್ರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜನ್ನನ ‘ಯಶೋಧರ ಚರಿತೆ’ಯ (1209) ಅಮೃತಮತಿಯನ್ನು ಹೆಚ್ಚಿನ ಮಂಡನೆಗಳು ‘ಖಳನಾಯಕಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. ರಾಣಿಯಾಗಿದ್ದವಳು ರಾತ್ರಿ ಕೇಳಿಬಂದ ಹಾಡಿಗೆ ಮನಸೋತು ವಿಕಾರರೂಪದ ಮಾವಟಿಗನ ಬಳಿಗೆ ಹೋಗುತ್ತಾಳೆ, ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಡುತ್ತಾಳೆ. ಕೊಲೆ ಕೊಲೆಯೇ. ಆದರೆ ಆ ಹಾಡನ್ನು ಕೇಳಿದ ಕಿವಿ ಅವಳದು, ಆ ಕ್ಷಣದಲ್ಲಿ ನಾವೂ ಅವಳ ಕಿವಿಯಿಂದಲೇ ಕೇಳುತ್ತೇವೆ. ಮೊದಲ ಪ್ರಶ್ನೆಯನ್ನು ಇಲ್ಲಿ ಹಾಕದೆ ಮೂರನೆಯದಕ್ಕೆ ಹಾರಿದರೆ ಕವಿಯ ಧರ್ಮದ ತೀರ್ಪನ್ನು ನಿಮ್ಮ ಓದು ಎಂದು ಒಪ್ಪಿಸಿದಂತಾಗುತ್ತದೆ. ಗಂಡು ಪಾತ್ರ ಇದೇ ಕೆಲಸ ಮಾಡಿದ್ದರೆ ಸಹಪಾಠಿಗಳು ‘ದುರಂತ ನಾಯಕ’ ಎನ್ನುತ್ತಿದ್ದರೇ ಎಂದು ಕೇಳಿನೋಡಿ.

ಮಾತಿನ ಶೈಲಿಯನ್ನು ಅಳೆಯುವುದೂ ನಿಮ್ಮ ಕೆಲಸವಲ್ಲ. ಧ್ವನಿ ಸ್ಪಷ್ಟವಾಗಿತ್ತು, ಸ್ಲೈಡುಗಳು ಬಣ್ಣಬಣ್ಣವಾಗಿದ್ದವು ಎಂಬುದಕ್ಕೆ ಬೇರೆ ಅಂಕವಿದೆ, ಅದನ್ನು ಕೊಡುವವರೂ ಬೇರೆ.

ಸಹಪಾಠಿಯ ಮಾತನ್ನು ಬಳಸುವ ಮರ್ಯಾದೆ

ಅವರು ತೋರಿಸಿದ ಸನ್ನಿವೇಶ, ಅವರು ಕಟ್ಟಿದ ಹೋಲಿಕೆ ಅವರದೇ. ಹೆಸರು ಹೇಳಿಯೇ ಬಳಸಿ. ಪುಸ್ತಕದಿಂದ ತೆಗೆದ ಮಾತಿಗೆ ಎಷ್ಟು ಋಣ ತೋರಿಸುತ್ತೇವೋ ಪಕ್ಕದ ಬೆಂಚಿನಿಂದ ಬಂದ ಮಾತಿಗೂ ಅಷ್ಟೇ ತೋರಿಸಬೇಕು. ಒಪ್ಪದಿದ್ದರೆ ಮೊದಲು ಅವರ ವಾದವನ್ನು ಅವರೇ ‘ಹೌದು, ನಾನು ಹೇಳಿದ್ದು ಇದೇ’ ಎನ್ನುವ ಹಾಗೆ ಒಂದು ವಾಕ್ಯದಲ್ಲಿ ಬರೆದು, ಆಮೇಲೆ ನಿಮ್ಮ ಭಿನ್ನಮತ ಇಡಿ. ತಪ್ಪು ಮಾಹಿತಿ ಹೇಳಿದ್ದರೆ, ಅಂದರೆ ಕವಿಯ ಹೆಸರೋ ಕಾಲವೋ ತಪ್ಪಿದ್ದರೆ, ಅದನ್ನು ಬರಹದಲ್ಲಿ ಎತ್ತಿ ತೋರಿಸುವುದಕ್ಕಿಂತ ನೇರವಾಗಿ ಅವರಿಗೇ ಹೇಳಿ. ಅವರ ವಾದವೇ ಆ ತಪ್ಪಿನ ಮೇಲೆ ನಿಂತಿದ್ದರೆ ಮಾತ್ರ ಬರಹಕ್ಕೆ ತನ್ನಿ.

ಕರಡು ಮುಗಿದ ಮೇಲೆ ಒಂದು ರಾತ್ರಿ ಬಿಟ್ಟು ಗಟ್ಟಿಯಾಗಿ ಓದಿ. ಕೃತಿಯ ಹೆಸರನ್ನು ಅಳಿಸಿ ಬೇರೆ ಕೃತಿಯ ಹೆಸರು ಹಾಕಿದರೂ ನಿಲ್ಲುವ ವಾಕ್ಯಗಳಿದ್ದರೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅವನ್ನು ತೆಗೆಯಿರಿ, ಇಲ್ಲವೇ ಒಂದು ಸನ್ನಿವೇಶ ಕೊಟ್ಟು ಗಟ್ಟಿ ಮಾಡಿ. 600 ಪದದಲ್ಲಿ ಅಂಥವು ಐದಾರು ಸಿಕ್ಕರೆ ಗಾಬರಿಯಾಗಬೇಡಿ, ಮೊದಲ ಸಲ ಎಲ್ಲರಿಗೂ ಅಷ್ಟು ಸಿಗುತ್ತವೆ. ನಂತರ ಒಪ್ಪಿಸುವ ಮೊದಲು ಬರಹವನ್ನು ಆ ಇಬ್ಬರು ಸಹಪಾಠಿಗಳಿಗೆ ಕೊಟ್ಟು, ತಮ್ಮ ಮಾತು ಎಲ್ಲಾದರೂ ತಿರುಚಿಹೋಗಿದೆಯೇ ಎಂದು ಕೇಳಿ. ಅವರು ಅಂಚಿನಲ್ಲಿ ಬರೆದುಕೊಟ್ಟ ಆಕ್ಷೇಪಣೆ ನಿಮ್ಮ ಕೊನೆಯ 50 ಪದಗಳಲ್ಲಿ ತೆರೆದುಬಿಟ್ಟ ಪ್ರಶ್ನೆಗಿಂತ ಗಟ್ಟಿಯಾಗಿದ್ದರೆ, ಆ ಜಾಗದಲ್ಲಿ ಅದನ್ನೇ ಅವರ ಹೆಸರಿನ ಜೊತೆ ಬರೆಯಿರಿ.